ಚೀಟಿ ಬಟ್ಟೆಯ ಜಗಳ

ನಮ್ಮ ಮನೆಯಲ್ಲಿ ಹಳೆಯದೊಂದು ಕೌದಿಯಿದೆ. ಗದುಗಿನ ಕಡೆಯವಳಾದ ನಮ್ಮ ಅಜ್ಜಿ ಹೊಲಿದದ್ದು. ಮನೆಮಂದಿಯೆಲ್ಲ ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳ ಚೂರುಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ಹೊಲಿದ ಸಾಧಾರಣ ಕೌದಿ. ಆದರೆ ಅದರ ನಡುವೆ ಅಂಗೈಯಗಲದ ಒಂದು ತುಂಡು ಮಾತ್ರ ಉಳಿದವುಗಳಂತಲ್ಲ. ಕೆಂಪು ನೆಲ, ನೆಲದ ಮೇಲೆ ಬಳ್ಳಿ, ಬಳ್ಳಿಯ ತುಂಬ ಹೂವು. 'ಅದು ಸೀಮೆ ಚೀಟಿ' ಎಂದು ಅಜ್ಜಿ ಹೇಳುತ್ತಿದ್ದಳು. ಚೀಟಿ ಎಂದರೆ ಅಚ್ಚು ಹಾಕಿದ ಬಣ್ಣದ ಅರಿವೆ. ಸೀಮೆಎಣ್ಣೆ, ಸೀಮೆಸುಣ್ಣಗಳಂತೆ ಇದೂ ಸಮುದ್ರದಾಚೆಯಿಂದ ಬಂದದ್ದು ಎಂದು ಅವಳ ಮಾತಿನ ಅರ್ಥ. ಆ ಮಾತಿನೊಳಗೆ ಒಂದು ದೊಡ್ಡ ವಿಪರ್ಯಾಸ ಅಡಗಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಚ್ಚಿನ ಅರಿವೆ ಸೀಮೆಯಿಂದ ನಮಗೆ ಬಂದ ವಿದ್ಯೆಯಲ್ಲ, ನಮ್ಮಿಂದ ಸೀಮೆಗೆ ಹೋದ ವಿದ್ಯೆ. ಅದು ಹೋದಾಗ ಅಲ್ಲಿಯ ನೇಕಾರರು ಬೀದಿಗಿಳಿದರು, ಪಾರ್ಲಿಮೆಂಟು ಎರಡು ಬಾರಿ ಕಾನೂನು ಮಾಡಿತು, ಲಂಡನ್ನಿನ ನಡುಬೀದಿಯಲ್ಲಿ ಹೆಂಗಸರ ಮೈಮೇಲಿನ ಬಟ್ಟೆ ಹರಿಯಿತು. ಆ ಜಗಳದ ಕಥೆಯನ್ನು ತಮ್ಮ ಮುಂದಿಡಬೇಕೆಂದು ನನ್ನ ಆಸೆ.

ಇದನ್ನು ಇಂದು ಎತ್ತಿಕೊಳ್ಳಲು ಕಾರಣವುಂಟು. ಒಂದು ದೊಡ್ಡ ದೇಶ ಇನ್ನೊಂದು ದೊಡ್ಡ ದೇಶಕ್ಕೆ ತಾನು ಮಾರುವುದಕ್ಕಿಂತ ಬಹಳ ಹೆಚ್ಚಾಗಿ ಅದರಿಂದ ಕೊಳ್ಳತೊಡಗಿದರೆ, ಕೊಳ್ಳುವ ದೇಶದ ದುಡಿಮೆಗಾರನ ಗತಿಯೇನು? ಅಮೆರಿಕ, ಚೀನಗಳ ನಡುವೆ ಈ ಶತಮಾನದಲ್ಲಿ ನಡೆದಿರುವ ವಾದವೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿದೆ. ಚೀನ 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. 2018ರ ಹೊತ್ತಿಗೆ ಸರಕುಗಳ ವ್ಯಾಪಾರದಲ್ಲಿ ಅಮೆರಿಕಕ್ಕೆ ಚೀನದೊಡನೆ ಬಿದ್ದ ಕೊರತೆ ವರ್ಷಕ್ಕೆ 40,000 ಕೋಟಿ ಡಾಲರನ್ನು ಮೀರಿತ್ತು. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1 ಕೋಟಿ 73 ಲಕ್ಷ ಜನ ದುಡಿಯುತ್ತಿದ್ದರು. 2010ರ ಆರಂಭದಲ್ಲಿ ಉಳಿದವರು ಸುಮಾರು 1 ಕೋಟಿ 15 ಲಕ್ಷ. ಇಷ್ಟಕ್ಕೂ ಚೀನವೇ ಕಾರಣವೆಂದವರುಂಟು, ಯಂತ್ರಗಳೇ ಕಾರಣವೆಂದವರೂ ಉಂಟು. ಡೇವಿಡ್ ಆಟರ್ ಮತ್ತು ಅವರ ಜೊತೆಗಾರರಾದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, 1999ರಿಂದ 2011ರವರೆಗೆ ಚೀನದ ಆಮದಿನಿಂದ ಹೋದ ಕೆಲಸಗಳು 20ರಿಂದ 24 ಲಕ್ಷದಷ್ಟೆಂದು ಹೇಳಿದರು. ಅವರ ಲೆಕ್ಕದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಈ ಮೊತ್ತವಲ್ಲ, ಅದರ ಹಂಚಿಕೆ. ಪೆಟ್ಟು ದೇಶದ ಮೇಲೆಲ್ಲ ಸಮನಾಗಿ ಬೀಳಲಿಲ್ಲ. ಕುರ್ಚಿ ಮೇಜು ಮಾಡುವ ಊರು, ಕಾಲುಚೀಲ ಹೆಣೆಯುವ ಊರು, ಬಟ್ಟೆಯ ಗಿರಣಿಯ ಊರು ಎಂದು ಆರಿಸಿ ಆರಿಸಿ ಬಿತ್ತು. ಕೆಲಸ ಹೋದವನು ಕೆಲಸವಿರುವ ಊರಿಗೆ ಹೋಗಿ ನೆಲಸುತ್ತಾನೆಂದು ಪುಸ್ತಕಗಳು ಹೇಳುತ್ತಿದ್ದವು. ಆತ ಹೋಗಲಿಲ್ಲ. ಇದ್ದಲ್ಲಿಯೇ ಇದ್ದು ಬಡವನಾದ. ಇದನ್ನು ಓದಿದಾಗ ನನಗೆ ನೆನಪಾದದ್ದು ಮುನ್ನೂರು ವರ್ಷಗಳ ಹಿಂದಿನ ಸ್ಪಿಟಲ್‌ಫೀಲ್ಡ್ಸ್, ಲಂಡನ್ನಿನ ಪೂರ್ವದ ಅಂಚಿನಲ್ಲಿದ್ದ ನೇಕಾರರ ಕೇರಿ.

ಹದಿನೇಳನೆಯ ಶತಮಾನದ ಇಂಗ್ಲೆಂಡಿಗೆ ಉಣ್ಣೆಯೇ ಭಾಗ್ಯ. ಕುರಿ ಸಾಕುವ ರೈತನಿಂದ ಹಿಡಿದು ನೂಲುವ ವಿಧವೆಯವರೆಗೆ, ನೇಯುವವನಿಂದ ಬಣ್ಣ ಹಾಕುವವನವರೆಗೆ ಲಕ್ಷಾಂತರ ಸಂಸಾರಗಳು ಉಣ್ಣೆಯನ್ನು ನಂಬಿದ್ದವು. ಆದರೆ ಆ ಉಣ್ಣೆಯ ದಪ್ಪ ಬಟ್ಟೆಯನ್ನು ಸೂರತ್ತಿನ ಸೆಕೆಯಲ್ಲಿ, ಮಚಲೀಪಟ್ಟಣದ ಬಿಸಿಲಿನಲ್ಲಿ ಕೊಳ್ಳುವವರಾರು? 1600ರ ಕೊನೆಯ ದಿನ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪೆನಿಗೆ ಮೊದಲಿನಿಂದಲೂ ಎದುರಾದ ತೊಡಕು ಇದೇ. ನಮ್ಮ ಮೆಣಸು, ನೀಲಿ, ಅರಿವೆಗಳಿಗೆ ಬದಲಾಗಿ ಕೊಡಲು ಅದರ ಬಳಿ ನಮಗೆ ಬೇಕಾದ ಸರಕೇ ಇರಲಿಲ್ಲ. ಆದ್ದರಿಂದ ಬೆಳ್ಳಿ ಕೊಟ್ಟಿತು. ಏಷ್ಯಕ್ಕೆ ಹೊರಟ ಕಂಪೆನಿಯ ಹಡಗುಗಳಲ್ಲಿದ್ದುದರ ಬೆಲೆಯಲ್ಲಿ ಒಟ್ಟಾರೆ ಮುಕ್ಕಾಲು ಪಾಲಿನಷ್ಟು ಬೆಳ್ಳಿ ಬಂಗಾರಗಳದೇ. ಆ ಬೆಳ್ಳಿಯೂ ಇಂಗ್ಲೆಂಡಿನದಲ್ಲ; ಸ್ಪೇನಿನವರು ಅಮೆರಿಕದ ಗಣಿಗಳಲ್ಲಿ ಅಲ್ಲಿಯ ಮೂಲನಿವಾಸಿಗಳಿಂದ ತೋಡಿಸಿ ತಂದದ್ದು, ವ್ಯಾಪಾರದ ದಾರಿಯಿಂದ ಲಂಡನ್ನಿಗೆ ಬಂದದ್ದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇಂಗ್ಲೆಂಡಿಗೆ ಹಿಂದುಸ್ಥಾನದೊಡನೆ ದೊಡ್ಡ ವ್ಯಾಪಾರ ಕೊರತೆಯಿತ್ತು.

ಬೆಳ್ಳಿಗೆ ಪ್ರತಿಯಾಗಿ ಹೋದ ಸರಕೆಂದರೆ ಬರಬರುತ್ತ ಮುಖ್ಯವಾಗಿ ಹತ್ತಿಯ ಬಟ್ಟೆ. ಕಲ್ಲಿಕೋಟೆಯ ಹೆಸರಿನಿಂದ ಅದನ್ನು ಅಲ್ಲಿ ಕ್ಯಾಲಿಕೊ ಎಂದು ಕರೆದರು, ನಮ್ಮ ಚೀಟಿ ಅವರ ನಾಲಗೆಯಲ್ಲಿ ಚಿಂಟ್ಸ್ ಆಯಿತು. ಮೊದಮೊದಲು ಗೋಡೆಗೆ ತೂಗುಹಾಕಲು, ಹಾಸಿಗೆಗೆ ಹೊದಿಸಲು ಕೊಳ್ಳುತ್ತಿದ್ದರು. ದಿನಚರಿಯಿಂದ ಹೆಸರಾದ ಸ್ಯಾಮ್ಯುಎಲ್ ಪೀಪ್ಸ್ 1663ರಲ್ಲಿ ಹೆಂಡತಿಯ ಓದುವ ಕೋಣೆಯ ಗೋಡೆಗೆ ಹೊದಿಸಲೆಂದು ಒಂದು ಚೀಟಿ ಕೊಂಡುತಂದದ್ದನ್ನು ಬರೆದಿಟ್ಟಿದ್ದಾನೆ. ಗೋಡೆಯ ಮೇಲಿದ್ದುದು ಮೈಮೇಲೆ ಬರಲು ತಡವಾಗಲಿಲ್ಲ. ಉಣ್ಣೆಯನ್ನು ಒಗೆಯುವುದು ಕಷ್ಟ, ಅಚ್ಚಾದ ರೇಷ್ಮೆಯನ್ನು ಒಗೆದರೆ ಬಣ್ಣ ನಿಲ್ಲದು. ನಮ್ಮ ಬಣ್ಣಗಾರರಿಗಾದರೋ ಪಟಿಕದ ನೀರು, ಬೇರಿನ ಕೆಂಪು, ನೀಲಿಗಳ ಹದ ತಲೆತಲಾಂತರದಿಂದ ಗೊತ್ತು. ಒಗೆದಷ್ಟೂ ಬಣ್ಣ ಕಳೆಗಟ್ಟುವ ಬಟ್ಟೆಯನ್ನು ಯುರೋಪು ಅದುವರೆಗೆ ಕಂಡಿರಲಿಲ್ಲ. ಹಗುರ, ಅಂದ, ಮೇಲಾಗಿ ಅಗ್ಗ. 1680ರ ದಶಕದ ಕೆಲವು ವರ್ಷಗಳಲ್ಲಿ ಕಂಪೆನಿ ತರಿಸಿದ ಬಟ್ಟೆಯ ತುಂಡುಗಳು ಹತ್ತು ಲಕ್ಷವನ್ನೂ ಮೀರಿದವು.

ಅಗ್ಗವೇಕೆ ಎಂಬ ಬಗ್ಗೆ ಇಲ್ಲೊಂದು ಮಾತು. ಹಿಂದುಸ್ಥಾನದ ನೇಕಾರ ಹೊಟ್ಟೆಗಿಲ್ಲದೆ ದುಡಿಯುತ್ತಿದ್ದ, ಆದ್ದರಿಂದ ಅವನ ಬಟ್ಟೆ ಅಗ್ಗವೆಂದು ಇಂಗ್ಲೆಂಡಿನ ನೇಕಾರರು ಆಗ ವಾದಿಸಿದರು. ಅಗ್ಗದ ಸರಕನ್ನು ಕಂಡಾಗಲೆಲ್ಲ ಈ ವಾದ ಹುಟ್ಟುತ್ತದೆ. ಇತಿಹಾಸಕಾರರಾದ ಪ್ರಸನ್ನನ್ ಪಾರ್ಥಸಾರಥಿಯವರು ದಕ್ಷಿಣ ಭಾರತದ ಕೂಲಿಯನ್ನು ಹಣದಲ್ಲಿ ಅಳೆಯದೆ ಕಾಳಿನಲ್ಲಿ ಅಳೆದು ನೋಡಿದರು. ಅಕ್ಕಿ ಅಗ್ಗವಾಗಿದ್ದುದರಿಂದ ಕಡಮೆ ಹಣದ ಕೂಲಿಯಲ್ಲಿಯೂ ನಮ್ಮ ನೇಕಾರ ಇಂಗ್ಲೆಂಡಿನ ನೇಕಾರನಿಗೆ ಸರಿಸಮನಾಗಿ ಉಂಡಿದ್ದನೆಂಬುದು ಅವರ ಮತ. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ನನಗಂತೂ, ಬೆಲೆ ಕಡಮೆಯಾದಲ್ಲೆಲ್ಲ ಹಸಿವೆಯನ್ನೇ ಕಾಣುವ ಅಭ್ಯಾಸವನ್ನು ಸ್ವಲ್ಪ ಸಡಿಲಿಸಬೇಕೆನ್ನಿಸಿದೆ.

ಸ್ಪಿಟಲ್‌ಫೀಲ್ಡ್ಸಿನವರು ನೇಯುತ್ತಿದ್ದುದು ರೇಷ್ಮೆ. ಅವರಲ್ಲಿ ಬಹಳ ಮಂದಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು. 1685ರಲ್ಲಿ ಅಲ್ಲಿಯ ದೊರೆ ಅವರ ಮತಕ್ಕಿದ್ದ ರಕ್ಷಣೆಯನ್ನು ಕಿತ್ತುಕೊಂಡ ಮೇಲೆ ಮಗ್ಗದ ವಿದ್ಯೆಯೊಂದನ್ನೇ ಕೈಯಲ್ಲಿ ಹಿಡಿದು ಬಂದವರು. ಹತ್ತು ವರ್ಷ ಕಳೆಯುವುದರೊಳಗೆ ಅವರ ಮಗ್ಗಗಳು ನಿಲ್ಲತೊಡಗಿದವು. ಎಲ್ಲಕ್ಕೂ ಚೀಟಿಯೇ ಕಾರಣವಾಗಿತ್ತೆ? ಇಲ್ಲ. ಫ್ರಾನ್ಸಿನೊಡನೆ 1689ರಿಂದ ಯುದ್ಧ ನಡೆದಿತ್ತು, 1696ರಲ್ಲಿ ಹಳೆಯ ನಾಣ್ಯಗಳನ್ನೆಲ್ಲ ಹಿಂತೆಗೆದು ಹೊಸದಾಗಿ ಟಂಕಿಸಲು ಹೊರಟಾಗ ಪೇಟೆಯಲ್ಲಿ ಕಾಸೇ ಕಾಣದಾಯಿತು, ಬೆಳೆಯೂ ಕೈಕೊಟ್ಟಿತ್ತು. ಆದರೆ ಕೆಲಸ ಕಳೆದುಕೊಂಡವನು ಕಾರಣಗಳ ಪಟ್ಟಿ ಮಾಡುತ್ತ ಕೂಡುವುದಿಲ್ಲ. ಯುದ್ಧ ಅವನ ಕಣ್ಣಿಗೆ ಬೀಳದು, ನಾಣ್ಯದ ಸೂಕ್ಷ್ಮ ಅವನಿಗೆ ತಿಳಿಯದು. ಬೀದಿಯಲ್ಲಿ ನಡೆದುಹೋಗುವ ಹೆಂಗಸಿನ ಮೈಮೇಲಿನ ಹೂಬಳ್ಳಿ ಮಾತ್ರ ಕಣ್ಣಿಗೆ ಹೊಡೆದು ಕಾಣುತ್ತದೆ.

1697ರ ಮೊದಲ ತಿಂಗಳುಗಳಲ್ಲಿ ನೇಕಾರರೂ ಅವರ ಹೆಂಡಂದಿರೂ ಗುಂಪುಕಟ್ಟಿ ಪಾರ್ಲಿಮೆಂಟಿನ ಬಾಗಿಲಿಗೆ ನುಗ್ಗಿದರು. ಕಂಪೆನಿಯ ಕಚೇರಿಯ ಮೇಲೆ, ಕಂಪೆನಿಯ ಸರದಾರನೆನ್ನಿಸಿದ್ದ ಜೊಸಾಯ ಚೈಲ್ಡನ ಮನೆಯ ಮೇಲೆ ಬಿದ್ದರು. ಕೊನೆಗೆ 1700ರಲ್ಲಿ ಕಾನೂನಾಯಿತು. ಹಿಂದುಸ್ಥಾನದ ಬಣ್ಣದ, ಅಚ್ಚಿನ ಹತ್ತಿಬಟ್ಟೆಗಳನ್ನೂ ಹಿಂದುಸ್ಥಾನ, ಪರ್ಶಿಯ, ಚೀನಗಳ ರೇಷ್ಮೆಗಳನ್ನೂ 1701ರ ಸೆಪ್ಟೆಂಬರು ಮುಗಿಯುವ ವೇಳೆಯಿಂದ ಇಂಗ್ಲೆಂಡಿನಲ್ಲಿ ಯಾರೂ ಉಡಕೂಡದು, ಬಳಸಕೂಡದು. ತಂದರೆ ಉಗ್ರಾಣದಲ್ಲಿಟ್ಟು ಬೇರೆ ದೇಶಗಳಿಗೆ ಮಾರಬೇಕು.

ಈ ಗದ್ದಲದ ನಡುವೆ ಹೊರಬಿದ್ದ ಕಿರುಹೊತ್ತಗೆಗಳನ್ನು ಇಂದು ಓದಿದರೆ ನಿನ್ನೆಯ ಪತ್ರಿಕೆಯನ್ನು ಓದಿದಂತೆ ಭಾಸವಾಗುತ್ತದೆ. ಬಹಳ ಹಿಂದೆ, 1621ರಲ್ಲಿಯೇ, ಕಂಪೆನಿಯ ನಿರ್ದೇಶಕನಾಗಿದ್ದ ಥಾಮಸ್ ಮನ್ ಒಂದು ಸಮಾಧಾನ ಹೇಳಿದ್ದ: ಒಂದು ದೇಶದೊಡನೆ ಕೊರತೆ ಬಿದ್ದರೆ ಬೀಳಲಿ, ಅಲ್ಲಿಂದ ತಂದದ್ದನ್ನು ಇತರ ದೇಶಗಳಿಗೆ ಮಾರಿದರೆ ಹೋದ ಬೆಳ್ಳಿಗಿಂತ ಹೆಚ್ಚು ಬೆಳ್ಳಿ ಬರುತ್ತದೆ, ಎಲ್ಲ ದೇಶಗಳ ಲೆಕ್ಕವನ್ನು ಕೂಡಿಸಿ ನೋಡಬೇಕು. ಇದರಲ್ಲಿ ಸ್ವಾರ್ಥವಿದ್ದರೂ ತರ್ಕ ಸರಿಯಾಗಿತ್ತು. ಕಂಪೆನಿ ಮಾಡಿದ್ದೂ ಅದನ್ನೇ. ಇನ್ನೊಂದು ಹೊತ್ತಗೆ 1701ರದು. ಬರೆದವನ ಹೆಸರಿಲ್ಲದೆ ಹೊರಬಂತು, ಹೆನ್ರಿ ಮಾರ್ಟಿನ್ ಎಂಬಾತನದೆಂದು ವಿದ್ವಾಂಸರ ಎಣಿಕೆ. ಆಡಂ ಸ್ಮಿತ್ತನಿಗಿಂತ ಮುಕ್ಕಾಲು ಶತಮಾನ ಮುಂಚಿನ ಈ ಲೇಖಕನ ಧೈರ್ಯವನ್ನು ಮೆಚ್ಚಲೇಬೇಕು. ಕಡಮೆ ಜನರಿಂದ ಆಗುವ ಕೆಲಸಕ್ಕೆ ಹೆಚ್ಚು ಜನರನ್ನು ಹಚ್ಚುವುದು ಉದ್ಯೋಗವಲ್ಲ, ದುಂದು. ಹೊರಗಿನಿಂದ ಅಗ್ಗವಾಗಿ ಬರುವುದನ್ನು ಮನೆಯಲ್ಲಿ ದುಬಾರಿಯಾಗಿ ಮಾಡಿಸುವುದೂ ಅಂಥದೇ. ಬಿಡುವಾದ ಕೈಗಳು ಬೇರೆ ಕೆಲಸ ಕಂಡುಕೊಳ್ಳುತ್ತವೆ. ಇದು ಅವನ ವಾದದ ಸಾರ.

ಲೆಕ್ಕದಲ್ಲಿ ಅವನನ್ನು ಸೋಲಿಸುವುದು ಕಷ್ಟ. ಆದರೆ ಕೈ ಎಂದರೆ ಬರಿಯ ಕೈಯಲ್ಲ. ಹತ್ತು ವರ್ಷ ರೇಷ್ಮೆಯ ಎಳೆ ಹಿಡಿದು ಹದವಾದ ಬೆರಳು ಮಾರನೆಯ ದಿನ ಕಲ್ಲು ಹೊರಲು ಹೋದರೆ ನಾಳೆ ರೇಷ್ಮೆಗೂ ಬಾರದು. ಬಾಡಿಗೆ ಮನೆ, ಕಿರಾಣಿ ಅಂಗಡಿಯ ಸಾಲ, ಒಂದೇ ಚರ್ಚಿಗೆ ಹೋಗುವ ನೆಂಟರಿಷ್ಟರು, ಇವುಗಳನ್ನೆಲ್ಲ ಬಿಟ್ಟು ಬೇರೆ ಕೆಲಸವಿರುವ ಊರನ್ನು ಹುಡುಕುವವನಾರು? ಮಾರ್ಟಿನ್ನನ ಹೊತ್ತಗೆಗೆ ಉತ್ತರವನ್ನು ಕೆರೊಲಿನಾದ ಮುಚ್ಚಿದ ಕಾರ್ಖಾನೆಗಳ ಊರುಗಳಲ್ಲಿ ಮೂರು ಶತಮಾನಗಳ ಮೇಲೆ ಎಣಿಸಬೇಕಾಯಿತು.

ಇನ್ನು ಕಾನೂನಿನ ಕಥೆ. ನೀರಿಗೆ ಒಂದು ಕಡೆ ಒಡ್ಡು ಹಾಕಿದರೆ ಇನ್ನೊಂದು ಕಡೆ ಹರಿಯುತ್ತದೆ. ಅಚ್ಚಾದ ಬಟ್ಟೆ ಬರಕೂಡದು, ಸರಿ. ಬಿಳಿಯ ಬಟ್ಟೆ ಬರಬಹುದಷ್ಟೆ? ಕಂಪೆನಿ ಬಿಳಿಯ ಬಟ್ಟೆಯನ್ನು ತಂದು ಸುರಿಯಿತು, ಲಂಡನ್ನಿನ ಸುತ್ತ ಹೊಳೆದಂಡೆಗಳಲ್ಲಿ ಅಚ್ಚುಹಾಕುವ ಅಂಗಳಗಳು ಎದ್ದವು. ಅಲ್ಲಿಯವರು ಆ ವಿದ್ಯೆಯನ್ನು ಅದಾಗಲೇ ಅರೆಬರೆಯಾಗಿ ಕಲಿತಿದ್ದರು. 1676ರಷ್ಟು ಹಿಂದೆಯೇ ವಿಲಿಯಂ ಶೆರ್ವಿನ್ ಎಂಬಾತ ಅದಕ್ಕೆ ಪೇಟೆಂಟು ಪಡೆದಿದ್ದ. ಈಗ ಕಾನೂನೇ ಅವರಿಗೆ ಪೇಟೆಯನ್ನು ಬರೆದುಕೊಟ್ಟಿತು. ನೇಕಾರರ ಕೆಲಸ ಉಳಿಸಲು ಹೊರಟ ಪಾರ್ಲಿಮೆಂಟು ಬಣ್ಣಗಾರರ ಕೆಲಸವನ್ನು ಹುಟ್ಟಿಸಿತು. ಅಮೆರಿಕದವರು 2018ರಲ್ಲಿ ಚೀನದ ಸರಕಿಗೆ ಸುಂಕ ಹೇರಿದಾಗಲೂ ಹೀಗೆಯೇ ಆಯಿತಲ್ಲವೆ? ಚೀನದೊಡನೆ ಇದ್ದ ಕೊರತೆ 2024ರ ಹೊತ್ತಿಗೆ 30,000 ಕೋಟಿ ಡಾಲರಿನ ಆಸುಪಾಸಿಗೆ ಇಳಿಯಿತು. ವಿಯೆಟ್ನಾಂ, ಮೆಕ್ಸಿಕೊಗಳೊಡನೆ ಇದ್ದದ್ದು ಏರಿತು. ಸರಕುಗಳ ಒಟ್ಟು ಕೊರತೆಯಂತೂ ಹಿಂದೆಂದಿಗಿಂತ ದೊಡ್ಡದಾಯಿತು. ಮನ್ ಬದುಕಿದ್ದರೆ ಮುಗುಳ್ನಗುತ್ತಿದ್ದನೇನೋ.

1719ರ ಬೇಸಗೆಯಲ್ಲಿ ಸ್ಪಿಟಲ್‌ಫೀಲ್ಡ್ಸಿನ ತಾಳ್ಮೆ ಮತ್ತೆ ಕಡಿಯಿತು. ಈ ಸಲ ಗುರಿ ಪಾರ್ಲಿಮೆಂಟಲ್ಲ, ಕಂಪೆನಿಯೂ ಅಲ್ಲ. ನೇಕಾರರ ಗುಂಪುಗಳು ಬೀದಿಬೀದಿ ಸುತ್ತಿ, ಚೀಟಿಯುಟ್ಟ ಹೆಂಗಸರನ್ನು ಹುಡುಕಿ ಅಟ್ಟಿಸಿಕೊಂಡು ಹೋಗಿ ಮೈಮೇಲಿನ ಬಟ್ಟೆಯನ್ನು ಹರಿದುಹಾಕಿದವು. ಶಾಯಿ ಎರಚಿದರು, ಕೆಲವರು ಆಮ್ಲವನ್ನೂ ಎರಚಿದರು. ಕೋಲಿನ ತುದಿಗೆ ಹರಕು ಚೀಟಿಯನ್ನು ಸಿಕ್ಕಿಸಿಕೊಂಡು ಮೆರವಣಿಗೆ ಹೋದರು. ಸೈನಿಕರು ಬಂದರು, ಕೆಲವರಿಗೆ ಸೆರೆಮನೆಯಾಯಿತು. ಈ ಪುಟಗಳನ್ನು ಓದುವಾಗ ನನ್ನ ಮನಸ್ಸು ಎರಡಾಗುತ್ತದೆ. ನೇಕಾರನ ಹಸಿವು ಸುಳ್ಳಲ್ಲ. ಆದರೆ ಚೀಟಿಯನ್ನು ತರಿಸಿ ಲಾಭ ಉಂಡವನು ತನ್ನ ಮಹಡಿಯ ಮನೆಯಲ್ಲಿ ಸುರಕ್ಷಿತನಾಗಿದ್ದ. ಪೆಟ್ಟು ತಿಂದದ್ದು ಅಗ್ಗದ ಬಟ್ಟೆಯಿಂದ ಒಂದಿಷ್ಟು ಅಂದವಾಗಿ ಕಾಣಬಯಸಿದ ಮನೆಗೆಲಸದ ಹುಡುಗಿ. ಆಗಿನ ಬರಹಗಳಲ್ಲಿ ಅವಳ ಮೇಲೆಯೇ ಎಲ್ಲ ಸಿಟ್ಟು. ಒಡತಿ ಯಾರು, ಆಳು ಯಾರು ಎಂದು ಬಟ್ಟೆ ನೋಡಿ ತಿಳಿಯದಂತಾಯಿತಲ್ಲ ಎಂಬ ಸಂಕಟವೂ ಆ ದೇಶಪ್ರೇಮದ ಅಡಿಯಲ್ಲಿ ಕುದಿಯುತ್ತಿತ್ತು.

ಆ ಬರಹಗಾರರಲ್ಲಿ ಒಬ್ಬನನ್ನು ನಾವೆಲ್ಲ ಬಲ್ಲೆವು: ಡೇನಿಯಲ್ ಡೀಫೊ. 1719ರ ವಸಂತದಲ್ಲಿ 'ರಾಬಿನ್ಸನ್ ಕ್ರೂಸೊ' ಹೊರಬಂತು. ಅದೇ ವರ್ಷದ ಶರತ್ಕಾಲದಿಂದ ಅವನು ನೇಕಾರರ ಪಕ್ಷ ಹಿಡಿದು 'ದಿ ಮ್ಯಾನ್ಯುಫ್ಯಾಕ್ಚರರ್' ಎಂಬ ಪತ್ರಿಕೆಯನ್ನು ನಡೆಸಿದ. ನಡುವೆ ಪ್ರಕಟವಾದ ಕ್ರೂಸೊನ ಎರಡನೆಯ ಭಾಗದಲ್ಲಿ ನಾಯಕ ಬಂಗಾಳಕ್ಕೂ ಚೀನಕ್ಕೂ ಹೋಗಿ ಪೂರ್ವದೇಶದ ಸರಕುಗಳ ವ್ಯಾಪಾರದಲ್ಲಿ ದುಡ್ಡು ಮಾಡುತ್ತಾನೆ! ಒಂದು ಕೈಯಲ್ಲಿ ಪೂರ್ವದ ವ್ಯಾಪಾರದ ಕನಸು, ಇನ್ನೊಂದು ಕೈಯಲ್ಲಿ ಅದೇ ವ್ಯಾಪಾರದ ಮೇಲಿನ ದೂರು. ಡೀಫೊನನ್ನು ಕಪಟಿಯೆಂದು ಕರೆಯಲು ನಾನು ಸಿದ್ಧನಿಲ್ಲ. ತಾನೂ ಒಮ್ಮೆ ಕಾಲುಚೀಲದ ವ್ಯಾಪಾರ ಮಾಡಿ, 1692ರಲ್ಲಿ ದಿವಾಳಿಯೆದ್ದು ನೊಂದವನು. ಕೊಳ್ಳುವವನೂ ದುಡಿಯುವವನೂ ಒಂದೇ ಮೈಯಲ್ಲಿ ವಾಸಿಸುವುದನ್ನು ಅವನು ಬಲ್ಲ.

1721ರಲ್ಲಿ ಎರಡನೆಯ ಕಾನೂನು. 1722ರ ಕ್ರಿಸ್ಮಸ್ಸಿನಿಂದ ಅಚ್ಚಿನ ಹತ್ತಿಬಟ್ಟೆಯನ್ನು, ಅದು ಎಲ್ಲಿಯೇ ಅಚ್ಚಾಗಿರಲಿ, ಉಟ್ಟವರಿಗೆ 5 ಪೌಂಡು, ಮಾರಿದವರಿಗೆ 20 ಪೌಂಡು ದಂಡ. ಪೂರ್ತಿ ನೀಲಿಯದಕ್ಕೆ ವಿನಾಯಿತಿ. ಪಕ್ಕದ ಫ್ರಾನ್ಸು 1686ರಿಂದ 1759ರವರೆಗೆ ಇನ್ನೂ ಕಟುವಾದ ನಿಷೇಧವನ್ನು ಇಟ್ಟುಕೊಂಡಿತ್ತು; ಜನ ಕಳ್ಳಸಾಗಣೆಯ ಚೀಟಿಯನ್ನು ಉಡುತ್ತಲೇ ಇದ್ದರು. ಇಂಗ್ಲೆಂಡಿನ ಕಾನೂನು ಹೊರದೇಶಗಳಿಗೆ ಮರುರಫ್ತು ಮಾಡುವುದನ್ನು ತಡೆಯಲಿಲ್ಲ. ಆ ಬಟ್ಟೆ ಹೋದ ಒಂದು ಮುಖ್ಯ ಸ್ಥಳ ಪಶ್ಚಿಮ ಆಫ್ರಿಕದ ಕರಾವಳಿ. ಅಲ್ಲಿ ಮನುಷ್ಯರನ್ನು ಗುಲಾಮರಾಗಿ ಕೊಳ್ಳಲು ತೆತ್ತ ಸರಕುಗಳಲ್ಲಿ ಕೋರಮಂಡಲದ, ಗುಜರಾತಿನ ಅರಿವೆಯೂ ಸೇರಿತ್ತು. ನಮ್ಮ ನೇಕಾರನಿಗೆ ಇದು ಗೊತ್ತಿರಲಾರದು. ತಾನು ನೇಯ್ದದ್ದು ಎಲ್ಲಿಗೆ ಹೋಗಿ ಏನಾಯಿತೆಂಬುದನ್ನು ಯಾವ ನೇಕಾರ ಕಂಡಿದ್ದಾನೆ?

ಹಾಗಾದರೆ ಕಾನೂನು ಸ್ಪಿಟಲ್‌ಫೀಲ್ಡ್ಸಿನ ಕೆಲಸವನ್ನು ಉಳಿಸಿತೆ? ಕೆಲಕಾಲ ಉಳಿಸಿತು. 1760ರ ದಶಕದಲ್ಲಿ ಫ್ರೆಂಚ್ ರೇಷ್ಮೆಯ ಮೇಲೆ, ಇಳಿದ ಕೂಲಿಯ ಮೇಲೆ ಸಿಟ್ಟಾಗಿ ಅವರು ಮತ್ತೆ ದಂಗೆಯೆದ್ದರು. 1773ರಲ್ಲಿ ಕೂಲಿಯನ್ನು ಗೊತ್ತುಮಾಡುವ ಕಾನೂನು ಬಂತು, 1824ರಲ್ಲಿ ಹೋಯಿತು. 1860ರಲ್ಲಿ ಫ್ರಾನ್ಸಿನೊಡನೆ ಆದ ಒಪ್ಪಂದ ರೇಷ್ಮೆಯ ಸುಂಕವನ್ನು ತೆಗೆದ ಮೇಲೆ ಆ ಕೇರಿಯ ಮಗ್ಗಗಳು ಚೇತರಿಸಿಕೊಳ್ಳಲೇ ಇಲ್ಲ. ನಿಷೇಧದ ಫಲ ಉಂಡದ್ದು ಅದನ್ನು ಬೇಡಿದವರಲ್ಲ, ಇನ್ನೂರು ಮೈಲು ದೂರದ ಲ್ಯಾಂಕಶೈರ್. ಅಲ್ಲಿಯವರು ಹಾಸಿಗೆ ನಾರಿನ ನೂಲು, ಹೊಕ್ಕಿಗೆ ಹತ್ತಿಯ ನೂಲು ಹಾಕಿ ನೇಯ್ದ ಬೆರಕೆ ಬಟ್ಟೆಗೆ 1736ರಲ್ಲಿ ವಿನಾಯಿತಿ ಪಡೆದರು. ಹಿಂದುಸ್ಥಾನದ ಪೈಪೋಟಿಯಿಲ್ಲದ ಪೇಟೆ ಅವರಿಗೆ ಸಿಕ್ಕಿತು. ಗಟ್ಟಿಯಾದ ಹತ್ತಿಯ ಹಾಸು ನೂಲಲು ಮಾತ್ರ ಅವರ ಕೈಗಳಿಗೆ ಬರುತ್ತಿರಲಿಲ್ಲ. ನಮ್ಮ ಹೆಂಗಸರ ಬೆರಳುಗಳು ಮಾಡುತ್ತಿದ್ದುದನ್ನು ಮಾಡಲು ಅವರಿಗೆ ಯಂತ್ರ ಬೇಕಾಯಿತು. 1769ರಲ್ಲಿ ಆರ್ಕ್‌ರೈಟ್ ನೀರಿನಿಂದ ನಡೆಯುವ ನೂಲುವ ಯಂತ್ರಕ್ಕೆ ಪೇಟೆಂಟು ಪಡೆದ. 1774ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿಕೊಂಡು ಇಂಗ್ಲೆಂಡಿನಲ್ಲಿಯೇ ನೇಯ್ದ ಅಪ್ಪಟ ಹತ್ತಿಬಟ್ಟೆಯ ಮೇಲಿನ ನಿಷೇಧವನ್ನು ತೆಗೆಸಿದ. 1779ರಲ್ಲಿ ಕ್ರಾಂಪ್ಟನ್ನನ ಯಂತ್ರ ಮಸ್ಲಿನ್ನಿಗೆ ತಕ್ಕ ನವಿರಾದ ನೂಲನ್ನೂ ತೆಗೆಯಿತು. ರೇಷ್ಮೆ ಉಣ್ಣೆಗಳನ್ನು ಕಾಯಲೆಂದು ಹಾಕಿದ ಬೇಲಿಯೊಳಗೆ ಹತ್ತಿ ಬೆಳೆದು ಅವೆರಡನ್ನೂ ಮೀರಿ ನಿಂತಿತು.

ಅಲ್ಲಿಂದ ಮುಂದೆ ಪ್ರವಾಹ ತಿರುಗಿತು. 1813ರಲ್ಲಿ ಕಂಪೆನಿಯ ಏಕಸ್ವಾಮ್ಯ ಹೋಗಿ ಹಿಂದುಸ್ಥಾನದ ಬಾಗಿಲು ಲ್ಯಾಂಕಶೈರಿಗೆ ತೆರೆಯಿತು. ಆ ಸಮಯದಲ್ಲಿ ಇಂಗ್ಲೆಂಡಿನ ಬಳಕೆಗೆ ಹೋಗುವ ನಮ್ಮ ಬಿಳಿಯ ಬಟ್ಟೆಯ ಮೇಲೆ ಅಲ್ಲಿ ಶೇಕಡ 70ನ್ನು ಮೀರಿದ ಸುಂಕ. ಅವರ ಬಟ್ಟೆಯ ಮೇಲೆ ಇಲ್ಲಿ ಎರಡೂವರೆ ಮೂರೂವರೆ. 1814ರಲ್ಲಿ ಇಂಗ್ಲೆಂಡಿಗೆ ಹೋದ ನಮ್ಮ ಬಟ್ಟೆ 12,66,608 ತುಂಡು, 1835ರಲ್ಲಿ 3,06,086. ಅದೇ ಅವಧಿಯಲ್ಲಿ ಇಲ್ಲಿಗೆ ಬಂದ ಅವರ ಬಟ್ಟೆ 8,18,208 ಗಜದಿಂದ 5,17,77,277 ಗಜಕ್ಕೆ ಏರಿತು. ಯಂತ್ರವೊಂದರಿಂದಲೇ ಇದು ಆಗುತ್ತಿತ್ತೆಂದು ವಾದಿಸಬಹುದು. ಆದರೆ ಇಂಗ್ಲೆಂಡಿನ ನೇಕಾರನಿಗೆ ಕಷ್ಟ ಬಂದಾಗ ಬಾಗಿಲು ಬಡಿಯಲು ಒಂದು ಪಾರ್ಲಿಮೆಂಟಿತ್ತು. ನಮ್ಮವನು ಯಾವ ಬಾಗಿಲನ್ನು ಬಡಿಯಬೇಕಿತ್ತು?

ನಮ್ಮವರು ಯಾರೆಂದು ತಿಳಿಯಲು ನಾನು ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ವೃತ್ತಾಂತವನ್ನು ತೆರೆಯುತ್ತೇನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಅವನು ಬೆಂಗಳೂರಿನಲ್ಲಿ ದೇವಾಂಗ, ಖತ್ರಿ, ಪಟ್ಟೆಗಾರ ಮೊದಲಾದವರ ಮಗ್ಗಗಳನ್ನು ನೋಡಿ ವಿವರವಾಗಿ ಬರೆದುಕೊಂಡ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಒಂದು ಸಣ್ಣ ಸಂಗತಿ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಬಡ ಹೆಂಗಸರು ವಾರದ ಸಂತೆಯಲ್ಲಿ ಒಂದಿಷ್ಟು ಹತ್ತಿ ಕೊಂಡು, ಮನೆಯಲ್ಲಿ ನೂತು, ಮತ್ತೆ ಸಂತೆಯಲ್ಲಿ ನೇಕಾರರಿಗೆ ಮಾರುತ್ತಿದ್ದರಂತೆ. ವ್ಯಾಪಾರ ತಿರುಗಿದಾಗ ಮೊದಲು ಹೋದದ್ದು ಈ ನೂಲು. ಕೈಮಗ್ಗ ಬಹಳಷ್ಟು ಕಡೆ ಗಿರಣಿಯ ನೂಲನ್ನು ಹಿಡಿದು ಹೇಗೋ ಬದುಕಿಕೊಂಡಿತು. ನಮ್ಮ ಇಳಕಲ್ಲು, ಮೊಳಕಾಲ್ಮೂರುಗಳೇ ಸಾಕ್ಷಿ. ರಾಟೆ ಬದುಕಲಿಲ್ಲ. ನೇಕಾರನ ಕಷ್ಟ ವರದಿಗಳಲ್ಲಿ ಬಂತು, ಸಮಿತಿಗಳ ಮುಂದೆ ಚರ್ಚೆಯಾಯಿತು. ಸಂತೆಯ ದಿನ ಕೈಗೆ ಬರುತ್ತಿದ್ದ ನಾಲ್ಕು ಕಾಸು ನಿಂತುಹೋದ ವಿಧವೆ ಯಾವ ವರದಿಯಲ್ಲಿಯೂ ನಿರುದ್ಯೋಗಿಯೆನ್ನಿಸಿಕೊಳ್ಳಲಿಲ್ಲ. ಅವಳದು ಉದ್ಯೋಗವೆಂದೇ ಯಾರೂ ಎಣಿಸಿರಲಿಲ್ಲವಷ್ಟೆ. ಅಮಿಯ ಬಾಗ್ಚಿಯವರು ಬಿಹಾರದ ಗಂಗಾತೀರದ ಜಿಲ್ಲೆಗಳ ಲೆಕ್ಕ ತೆಗೆದಾಗ, ಕೈಗಾರಿಕೆಯನ್ನು ನಂಬಿದ್ದವರು 1809–13ರಲ್ಲಿ ನೂರಕ್ಕೆ 18.6 ಇದ್ದದ್ದು 1901ರಲ್ಲಿ 8.5ಕ್ಕೆ ಇಳಿದದ್ದು ಕಂಡಿತು. ಈ ಅಂಕಿಗಳ ಬಗೆಗೂ ವಿವಾದವಿದೆ. ಇಳಿದ ದಿಕ್ಕಿನ ಬಗೆಗೆ ಅಷ್ಟಿಲ್ಲ.

ಬಟ್ಟೆ ಹೋಗುತ್ತಿದ್ದ ದಾರಿಯಲ್ಲಿ ಈಗ ಹತ್ತಿ ಹೋಗತೊಡಗಿತು. ಧಾರವಾಡ, ಗದಗ, ಹುಬ್ಬಳ್ಳಿಗಳ ಎರೆಹೊಲಗಳಲ್ಲಿ ಕಂಪೆನಿಯ ಸರಕಾರ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು, ನಮ್ಮದು ಜವಾರಿ ಹತ್ತಿಯಾಯಿತು. ಜವಾರಿ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಹೊರಗಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಶೈರಿನ ಲಕ್ಷಗಟ್ಟಲೆ ಕೂಲಿಗಳು ಗಂಜಿಯ ಪಾಲಾದರು. ಧಾರವಾಡದ ರೈತನಿಗೆ ಕನಸಿನಲ್ಲಿಯೂ ಕಾಣದ ಬೆಲೆ ಬಂತು. ಕಾರವಾರವನ್ನು ದೊಡ್ಡ ಬಂದರಾಗಿಸಬೇಕೆಂದು ಮ್ಯಾಂಚೆಸ್ಟರಿನವರು ಒತ್ತಾಯ ಹಚ್ಚಿದ್ದೂ, 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದೂ ಈ ಹತ್ತಿಯ ಕಾಲದಲ್ಲಿಯೇ. ಯುದ್ಧ 1865ರಲ್ಲಿ ಮುಗಿಯಿತು, ಬೆಲೆ ಕುಸಿಯಿತು. ನಮ್ಮ ಅಜ್ಜಿಯ ಅಜ್ಜನ ಹೊಲದ ಹತ್ತಿಯೂ ಹೀಗೆಯೇ ಸಮುದ್ರ ದಾಟಿ ಹೋಗಿ, ನೂಲಾಗಿ, ಅರಿವೆಯಾಗಿ, ಬಳ್ಳಿ ಹೂವುಗಳ ಅಚ್ಚು ಹೊತ್ತು 'ಸೀಮೆ ಚೀಟಿ' ಎಂಬ ಹೆಸರಿನಿಂದ ಗದುಗಿನ ಸಂತೆಗೆ ಮರಳಿದ್ದೀತು. ಮರಳಿ ಬಂದ ಹೆಸರುಗಳೂ ಉಂಟು. ಆಂಧ್ರದ ನರಸಾಪುರದ ಬಳಿಯ ಮಾಧವಪಾಳೆಯಂ ಎಂಬ ನೇಕಾರರ ಹಳ್ಳಿಯಿಂದ ಹೋದ 'ಮಡಪೊಲ್ಲಂ' ಎಂಬ ಬಟ್ಟೆ, ಅದೇ ಹೆಸರನ್ನು ಹೊತ್ತು ಲ್ಯಾಂಕಶೈರಿನ ಗಿರಣಿಗಳಿಂದ ಪೂರ್ವಕ್ಕೆ ಬಂತು.

ಗೆದ್ದ ಲ್ಯಾಂಕಶೈರಿನ ಕೈಮಗ್ಗದವನು ಸುಖವಾಗಿದ್ದನೆಂದು ತಿಳಿಯಬಾರದು. 1820ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹತ್ತಿಯ ಕೈಮಗ್ಗದವರು ಸುಮಾರು 2,40,000; 1850ರ ಹೊತ್ತಿಗೆ 50,000ಕ್ಕಿಂತ ಕಡಮೆ. ಅವರ ಅನ್ನವನ್ನು ಯಾವ ಪರದೇಶವೂ ಕಿತ್ತುಕೊಳ್ಳಲಿಲ್ಲ. ಪಕ್ಕದ ಕಟ್ಟಡದ ಯಂತ್ರಮಗ್ಗ ಕಿತ್ತುಕೊಂಡಿತು. ದೇಶದ ವ್ಯಾಪಾರ ಲೆಕ್ಕದಲ್ಲಿ ಹತ್ತಿಯ ರಫ್ತು ದಿನದಿನಕ್ಕೆ ಏರುತ್ತಿದ್ದಾಗಲೇ ಈ ಜನ ಹಸಿದರು. ಕೊರತೆಯೊಂದೇ ಕೆಲಸವನ್ನು ನುಂಗುತ್ತದೆ, ಮಿಗತೆ ಬಂದರೆ ಕೆಲಸ ಭದ್ರವೆಂದು ನಂಬುವವರಿಗೆ ಈ ಎರಡು ಅಂಕಿಗಳನ್ನು ನಾನು ತೋರಿಸುತ್ತಿರುತ್ತೇನೆ.

ಮುಂದಿನ ಪೀಳಿಗೆಯ ಲ್ಯಾಂಕಶೈರು ನಮ್ಮ ಸೊಂಟಕ್ಕೆ ಸುತ್ತುವ ಧೋತರವನ್ನು ನಂಬಿತು. ಬ್ಲ್ಯಾಕ್‌ಬರ್ನ್, ಡಾರ್ವೆನ್‌ಗಳಂಥ ಊರುಗಳು ಹಿಂದುಸ್ಥಾನದ ಪೇಟೆಗೆಂದೇ ನೇಯುತ್ತಿದ್ದವು. ಮುಂಬಯಿಯ ಗಿರಣಿಗಳು ಪೈಪೋಟಿಗೆ ಬಂದಾಗ, ಲ್ಯಾಂಕಶೈರಿನ ಮೇಲಿನ ಸುಂಕಕ್ಕೆ ಸರಿದೂಗಲೆಂದು ನಮ್ಮದೇ ಗಿರಣಿಬಟ್ಟೆಯ ಮೇಲೆ 1896ರಲ್ಲಿ ಶೇಕಡ 3.5ರ ತೆರಿಗೆ ಹಾಕಿದರು; ಅದು ತೊಲಗಿದ್ದು 1926ರಲ್ಲಿ. 1913ರಲ್ಲಿ ಬ್ರಿಟನ್ನು ಹೊರಗೆ ಕಳಿಸಿದ ಸುಮಾರು 700 ಕೋಟಿ ಗಜದಲ್ಲಿ 300 ಕೋಟಿ ಗಜದಷ್ಟು ಇಲ್ಲಿಗೇ ಬಂತು. 1931ರ ಹೊತ್ತಿಗೆ ಅದು ಐದನೆಯ ಒಂದು ಪಾಲಿಗಿಂತ ಕೆಳಗಿಳಿದಿತ್ತು. ಜಪಾನಿನ ಬಟ್ಟೆ, ನಮ್ಮ ಗಿರಣಿಗಳು, ಜಗತ್ತಿನ ಮುಗ್ಗಟ್ಟು, ಅವುಗಳ ಜೊತೆಗೆ ಬಹಿಷ್ಕಾರ. ಆ ಊರುಗಳಲ್ಲಿ ಬೀದಿಗೆ ಬೀದಿಯೇ ಕೆಲಸವಿಲ್ಲದೆ ಕೂತಿತ್ತು.

ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ 1931ರ ಸೆಪ್ಟೆಂಬರಿನ ಕೊನೆಯ ವಾರ ಆ ಊರುಗಳಿಗೇ ಹೋದರು. ತಮ್ಮ ಬಹಿಷ್ಕಾರದಿಂದ ಕೆಲಸ ಹೋಯಿತೆಂದು ನಂಬಿದ ಜನರ ನಡುವೆ, ಅದೇ ಖಾದಿಯನ್ನು ಹೊದ್ದು ಹೋಗಿ, ಅವರ ಮನೆಗಳ ನಡುವೆಯೇ ಉಳಿದುಕೊಂಡರು. ಪೊಲೀಸರಿಗೆ ದಿಗಿಲು. ಗಾಂಧೀಜಿ ಸುಳ್ಳು ಸಮಾಧಾನ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಿಮ್ಮಲ್ಲಿ ಮೂವತ್ತು ಲಕ್ಷ ನಿರುದ್ಯೋಗಿಗಳಿದ್ದಾರೆ, ನಮ್ಮಲ್ಲಿ ಕೋಟಿಕೋಟಿ ಜನ ವರ್ಷದ ಅರ್ಧ ಕಾಲ ಕೆಲಸವಿಲ್ಲದೆ ಇದ್ದಾರೆಂಬ ಅರ್ಥದ ಮಾತನ್ನೇ ಆಡಿದರು. ತಾನು ಹಿಂದುಸ್ಥಾನದಲ್ಲಿದ್ದಿದ್ದರೆ ತಾನೂ ಹೀಗೆಯೇ ಹೇಳುತ್ತಿದ್ದೆನೆಂದು ಅಲ್ಲಿಯ ಒಬ್ಬ ನಿರುದ್ಯೋಗಿ ಒಪ್ಪಿಕೊಂಡನಂತೆ. ಆ ಭೇಟಿಯ ಒಂದು ಭಾವಚಿತ್ರವನ್ನು ತಾವೂ ನೋಡಿರಬಹುದು: ಕೈ ಕಟ್ಟಿಕೊಂಡು ನಗುತ್ತಿರುವ ಗಾಂಧೀಜಿ, ಸುತ್ತ ಕೈಯೆತ್ತಿ ಜಯಘೋಷ ಮಾಡುತ್ತಿರುವ ಗಿರಣಿಯ ಹೆಂಗಸರು. 1719ರಲ್ಲಿ ಹಿಂದುಸ್ಥಾನದ ಬಟ್ಟೆಗಾಗಿ ಹೆಂಗಸರನ್ನು ಅಟ್ಟಾಡಿಸಿದ ದೇಶದಲ್ಲಿ, ಹಿಂದುಸ್ಥಾನದ ಬಟ್ಟೆಯುಟ್ಟ ಗಂಡಸಿಗೆ ಹೆಂಗಸರ ಈ ಸ್ವಾಗತ.

ಅವರು ಹೋದ ಡಾರ್ವೆನ್ ಊರಿನಲ್ಲಿ 1860ರ ದಶಕದಲ್ಲಿ ಕಟ್ಟಿದ ಒಂದು ಗಿರಣಿಯಿದೆ. ನೂಲುವ ಕೆಲಸ ನಿಂತು ದಶಕಗಳೇ ಆದವು. ವೆನಿಸ್ಸಿನ ಗಂಟೆಗೋಪುರದ ಮಾದರಿಯಲ್ಲಿ ಇಟ್ಟಿಗೆಯಿಂದ ಎಬ್ಬಿಸಿದ, 300 ಅಡಿಯಷ್ಟು ಎತ್ತರದ ಅದರ ಹೊಗೆಗೊಳವೆ ಇನ್ನೂ ನಿಂತಿದೆ, ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ. ಆ ಗಿರಣಿಯ ಹೆಸರು 'ಇಂಡಿಯಾ ಮಿಲ್'.